ಹೊಗೆಯಿಲ್ಲದ ಕೆಂಡದಿಂದ ಅಪಾಯವಿಲ್ಲವೇ? ಕ್ಯಾಂಪರ್ ವ್ಯಾನಿನಲ್ಲಿ ಕಳೆದ ಒಂದು ರಾತ್ರಿ ಕಲಿಸಿದ ಪಾಠ

ಕಳೆದ ಚಳಿಗಾಲದಲ್ಲಿ ನಾವಿಬ್ಬರು ಬೆಂಗಳೂರಿನಲ್ಲಿ ಒಂದು ಕ್ಯಾಂಪರ್ ವ್ಯಾನ್ ಬಾಡಿಗೆಗೆ ಪಡೆದು ಹಾಸನ ಜಿಲ್ಲೆಯ ಆಲೂರು–ಸಕಲೇಶಪುರದ ಕಡೆ ಹೊರಟೆವು. ಹಿಂದುಗಡೆ ಹಾಸಿಗೆ, ಪಕ್ಕದಲ್ಲಿ ಪುಟ್ಟ ಗ್ಯಾಸ್ ಒಲೆ, ಒಂದು ನೀರಿನ ಕ್ಯಾನ್. ರೂಮ್ ಬುಕ್ ಮಾಡುವ ತಲೆನೋವಿಲ್ಲ, ಬೇಕಾದಲ್ಲಿ ನಿಲ್ಲಿಸಿ ಮಲಗಬಹುದು ಎನ್ನುವುದೇ ಈ ಗಾಡಿಗಳ ಆಕರ್ಷಣೆ. ಮೊದಲ ದಿನ ಸಕಲೇಶಪುರ ದಾಟಿ ಮಂಜರಾಬಾದ್ ಕೋಟೆ ಹತ್ತಿದೆವು. ಟಿಪ್ಪು ಸುಲ್ತಾನ್ ಕಟ್ಟಿಸಿದ, 1792ರಲ್ಲಿ ಪೂರ್ಣಗೊಂಡ ಈ ಕೋಟೆಗೆ ಎಂಟು ಮೂಲೆಯ ನಕ್ಷತ್ರದ ಆಕಾರ. ಮಂಜು ಕವಿಯುವ ಜಾಗವಾದ್ದರಿಂದ ಆ ಹೆಸರು ಬಂತು ಎನ್ನುತ್ತಾರೆ. ನಮಗಂತೂ ಮಂಜಿನಲ್ಲಿ ನಕ್ಷತ್ರದ ಒಂದು ಮೂಲೆಯೂ ಸರಿಯಾಗಿ ಕಾಣಲಿಲ್ಲ.

ರಾತ್ರಿ ಉಳಿದದ್ದು ಆಲೂರು ತಾಲ್ಲೂಕಿನ ಒಂದು ಕಾಫಿ ತೋಟದ ಹೋಮ್‌ಸ್ಟೇ ಅಂಗಳದಲ್ಲಿ. ಸಂಜೆ ಹೊರಗೆ ಇದ್ದಿಲು ಹಾಕಿ ಜೋಳ ಸುಟ್ಟು ತಿಂದೆವು. ಅಷ್ಟರಲ್ಲಿ ಮನೆಯವರ ಮೊಬೈಲಿಗೆ ಸಂದೇಶ ಬಂತು: ಹತ್ತಿರದ ತೋಟದಲ್ಲಿ ಕಾಡಾನೆಗಳಿವೆ. "ರಾತ್ರಿ ಗಾಡಿ ಬಿಟ್ಟು ಇಳಿಯಬೇಡಿ" ಎಂದು ಹೇಳಿ ಅವರು ಒಳಗೆ ಹೋದರು.

ಚಳಿ ಜೋರಾಗಿತ್ತು. ಉಳಿದ ಕೆಂಡವನ್ನು ಸುಮ್ಮನೆ ಯಾಕೆ ಆರಿಸಬೇಕು ಎನಿಸಿತು. ಕಬ್ಬಿಣದ ಬಾಣಲೆಯಲ್ಲಿ ಅದನ್ನು ತುಂಬಿಸಿಕೊಂಡು ವ್ಯಾನಿನೊಳಗೆ ಇಟ್ಟುಕೊಂಡೆವು. ಆನೆಯ ಭಯಕ್ಕೆ ಕಿಟಕಿ, ಬಾಗಿಲು ಎಲ್ಲವನ್ನೂ ಹಾಕಿದೆವು. ಹೊಗೆ ಇರಲಿಲ್ಲ, ವಾಸನೆ ಇರಲಿಲ್ಲ, ಹಿತವಾದ ಬಿಸಿ ಮಾತ್ರ. ಸ್ವಲ್ಪ ಹೊತ್ತಿಗೆ ಇಬ್ಬರಿಗೂ ತಲೆ ಭಾರವಾಯಿತು. ದಿನವಿಡೀ ಪ್ರಯಾಣ ಮಾಡಿದ್ದಕ್ಕಿರಬೇಕು, ಮಲಗಿದರೆ ಸರಿಹೋಗುತ್ತದೆ ಎಂದುಕೊಂಡೆವು.

ಆಗ ತೋಟದ ರೈಟರ್ ಟಾರ್ಚ್ ಹಿಡಿದು ಬಿಸಿನೀರಿನ ಫ್ಲಾಸ್ಕ್ ಕೊಡಲು ಬಂದರು. ಬಾಗಿಲು ತೆಗೆದ ಕೂಡಲೇ ಬಾಣಲೆ ಕಂಡಿತು.

"ಏನ್ ಸಾರ್, ಒಳಗೇ ಕೆಂಡ ಮಡಗಿದ್ದೀರಾ? ಮೊದ್ಲು ಆಚೆಗೆ ತಗೀರಿ. ಅಮ್ಮಾವ್ರೇ, ನೀವೂ ಇಳೀರಿ."

"ಹೊಗೆ ಏನೂ ಇಲ್ವಲ್ಲ ಅಣ್ಣ, ಬರೀ ಕೆಂಡ" ಎಂದೆವು.

"ಹೊಗೆ ಇದ್ದಿದ್ರೆ ಕೆಮ್ಮಾದ್ರೂ ಬರೋದು. ಇದು ಕೆಮ್ಮೂ ಬರ್ಸಲ್ಲ" ಎಂದರು ಅವರು.

ಆ ಒಂದು ಮಾತಿನಲ್ಲಿ ಇಡೀ ವಿಷಯವಿದೆ. ಊರಿಗೆ ಮರಳಿದ ಮೇಲೆ ಇದರ ಬಗ್ಗೆ ಓದುತ್ತಾ ಹೋದಂತೆ, ನಾವು ಎಂಥ ತಪ್ಪು ಮಾಡಿದ್ದೆವು ಎನ್ನುವುದು ಅರ್ಥವಾಯಿತು.

ಇದು ಎಷ್ಟು ಗಂಭೀರ?

ನಮಗೆ ಬರೀ ತಲೆನೋವಿನಲ್ಲಿ ಮುಗಿಯಿತು. ಎಲ್ಲರಿಗೂ ಹಾಗಾಗುವುದಿಲ್ಲ. 2025ರ ನವೆಂಬರ್‌ನಲ್ಲಿ ಬೆಳಗಾವಿಯಲ್ಲಿ ಮುಚ್ಚಿದ ಕೋಣೆಯೊಳಗೆ ಇದ್ದಿಲು ಹಚ್ಚಿಕೊಂಡು ಮಲಗಿದ್ದ ಮೂವರು ಯುವಕರು ಬೆಳಿಗ್ಗೆ ಏಳಲೇ ಇಲ್ಲ. 2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬ ಗಿರಿಧಾಮದಲ್ಲಿ ಕೇರಳದ ಎಂಟು ಪ್ರವಾಸಿಗರು ಒಂದೇ ಕೋಣೆಯಲ್ಲಿ ಪ್ರಾಣ ಬಿಟ್ಟರು. ಅವರಲ್ಲಿ ನಾಲ್ವರು ಮಕ್ಕಳು. ಅಲ್ಲಿ ಉರಿಯುತ್ತಿದ್ದದ್ದು ಗ್ಯಾಸ್ ಹೀಟರ್. 2024ರ ಡಿಸೆಂಬರ್‌ನಲ್ಲಿ ಕೇರಳದ ಕರಾವಳಿ ಪಟ್ಟಣ ವಡಗರದಲ್ಲಿ, ಹೆದ್ದಾರಿಯ ಬದಿ ನಿಲ್ಲಿಸಿದ್ದ ಕ್ಯಾರವಾನ್ ಒಂದರಲ್ಲಿ ಇಬ್ಬರು ಶವವಾಗಿ ಸಿಕ್ಕರು. ಕ್ಯಾರವಾನಿನ ಜನರೇಟರ್‌ನಿಂದ ಬಂದ ಅನಿಲ ಒಳಗೆ ಸೇರಿಕೊಂಡಿತ್ತು ಎನ್ನುವುದು ಕಲ್ಲಿಕೋಟೆಯ ಎನ್‌ಐಟಿ ತಜ್ಞರ ಪರೀಕ್ಷೆಯಲ್ಲಿ ತಿಳಿಯಿತು.

ಇದ್ದಿಲು, ಗ್ಯಾಸ್, ಜನರೇಟರ್. ಮೂರೂ ಬೇರೆ ಬೇರೆ, ಕೊಂದದ್ದು ಮಾತ್ರ ಒಂದೇ: ಕಾರ್ಬನ್ ಮೊನಾಕ್ಸೈಡ್.

ಕೆಂಡದೊಳಗೆ ಏನಾಗುತ್ತದೆ?

ಇದ್ದಿಲು ಎಂದರೆ ಬಹುಪಾಲು ಇಂಗಾಲ. ಅದಕ್ಕೆ ಬೇಕಾದಷ್ಟು ಆಮ್ಲಜನಕ ಸಿಕ್ಕಿದರೆ ಉರಿದು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಆದರೆ ಬಾಣಲೆಯಲ್ಲಿ ರಾಶಿ ಬಿದ್ದ ಕೆಂಡದ ಒಳಭಾಗಕ್ಕೆ ಅಷ್ಟು ಗಾಳಿ ಹೋಗುವುದಿಲ್ಲ. ಅಷ್ಟೇ ಅಲ್ಲ, ತಳದಲ್ಲಿ ಹುಟ್ಟಿದ ಇಂಗಾಲದ ಡೈಆಕ್ಸೈಡ್ ಮೇಲೇರುವಾಗ ಕೆಂಪಗೆ ಕಾದ ಇಂಗಾಲದ ಜೊತೆ ಮತ್ತೆ ವರ್ತಿಸಿ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ.

ಕೆಂಡದ ಮೇಲೆ ಕೆಲವೊಮ್ಮೆ ಪುಟ್ಟ ನೀಲಿ ಜ್ವಾಲೆ ಕುಣಿಯುವುದನ್ನು ನೀವು ನೋಡಿರಬಹುದು. ಅದು ಈ ಕಾರ್ಬನ್ ಮೊನಾಕ್ಸೈಡೇ ಉರಿಯುತ್ತಿರುವುದು. ಕೆಂಡ ತಣ್ಣಗಾಗುತ್ತಾ ಬಂದಂತೆ ಆ ಜ್ವಾಲೆ ಆರಿಹೋಗುತ್ತದೆ, ಅನಿಲ ಮಾತ್ರ ಉರಿಯದೆ ಹಾಗೇ ಹೊರಬರುತ್ತಿರುತ್ತದೆ. ಅಂದರೆ ಬೂದಿ ಮುಚ್ಚಿ ಮಂದವಾದ ಕೆಂಡ "ಆರುತ್ತಿದೆ, ಇನ್ನು ಪರವಾಗಿಲ್ಲ" ಎಂದು ನಾವು ನಿದ್ದೆಗೆ ಜಾರುವ ಹೊತ್ತಿನಲ್ಲೂ ಅಪಾಯ ಮುಂದುವರಿಯುತ್ತದೆ.

ಹಸಿ ಸೌದೆಯ ಹೊಗೆಯಲ್ಲಿ ಕಣ್ಣು ಉರಿಸುವ, ಕೆಮ್ಮು ಬರಿಸುವ ಕಣಗಳಿರುತ್ತವೆ. ಅವು ನಮ್ಮನ್ನು ಹೊರಗೆ ಓಡಿಸುತ್ತವೆ. ಇದ್ದಿಲಿನಲ್ಲಿ ಅಂಥ ಅಂಶಗಳು ಮೊದಲೇ ಸುಟ್ಟುಹೋಗಿರುತ್ತವೆ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಗಂಟಲನ್ನೂ ಕೆರೆಸುವುದಿಲ್ಲ. ಹಾಗಾಗಿ ಹೊಗೆ ಇಲ್ಲ ಎನ್ನುವುದಕ್ಕೆ ಎಚ್ಚರಿಕೆಯ ಗಂಟೆ ಇಲ್ಲ ಎಂದಷ್ಟೇ ಅರ್ಥ, ಅಪಾಯ ಇಲ್ಲ ಎಂದಲ್ಲ.

ಟವೆಲ್ ಹಾಕಿ ಸೀಟು ಹಿಡಿಯುವ ಅನಿಲ

ನಮ್ಮ ರಕ್ತದ ಹಿಮೋಗ್ಲೋಬಿನ್ ಅನ್ನು ಒಂದು ಪುಟ್ಟ ಬಸ್ಸು ಎಂದುಕೊಳ್ಳಿ. ಒಂದೊಂದು ಬಸ್ಸಿನಲ್ಲಿ ನಾಲ್ಕು ಸೀಟು. ಶ್ವಾಸಕೋಶದಲ್ಲಿ ಆಮ್ಲಜನಕ ಹತ್ತುತ್ತದೆ, ಮಿದುಳು, ಹೃದಯದಂಥ ನಿಲ್ದಾಣಗಳಲ್ಲಿ ಇಳಿಯುತ್ತದೆ. ಕಾರ್ಬನ್ ಮೊನಾಕ್ಸೈಡ್ ಕಿಟಕಿಯಿಂದಲೇ ಟವೆಲ್ ಹಾಕಿ ಸೀಟು ಹಿಡಿಯುವ ಪ್ರಯಾಣಿಕ. ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುವ ಅದರ ಸಾಮರ್ಥ್ಯ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು. ಒಮ್ಮೆ ಕೂತರೆ ಬೇಗ ಏಳುವುದಿಲ್ಲ. ಜೊತೆಗೆ ಅದು ಪಕ್ಕದಲ್ಲಿ ಕೂತರೆ, ಉಳಿದ ಸೀಟಿನ ಆಮ್ಲಜನಕವೂ ತನ್ನ ನಿಲ್ದಾಣ ಬಂದಾಗ ಸುಲಭವಾಗಿ ಇಳಿಯುವುದಿಲ್ಲ.

ಈಗ ಒಂದು ಸರಳ ಲೆಕ್ಕ ನೋಡೋಣ. ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇಕಡ 21. ಕಾರ್ಬನ್ ಮೊನಾಕ್ಸೈಡ್ ಕೇವಲ ಶೇಕಡ 0.1 ಇದೆ ಎಂದುಕೊಳ್ಳಿ. ಅಂದರೆ ಆಮ್ಲಜನಕ 210 ಪಟ್ಟು ಹೆಚ್ಚು. ಆದರೆ ಸೀಟು ಹಿಡಿಯುವುದರಲ್ಲಿ ಕಾರ್ಬನ್ ಮೊನಾಕ್ಸೈಡ್ 200 ಪಟ್ಟಿಗೂ ಹೆಚ್ಚು ಚುರುಕು. ಅಲ್ಲಿಗೆ ಪೈಪೋಟಿ ಸಮಸಮ. ಅಂಥ ಗಾಳಿಯಲ್ಲಿ ಕೆಲವು ಗಂಟೆ ಮಲಗಿದರೆ ರಕ್ತದ ಸುಮಾರು ಅರ್ಧ ಸೀಟುಗಳು ಅದರ ಪಾಲಾಗುತ್ತವೆ. ಅದು ಪ್ರಾಣಾಪಾಯದ ಹಂತ.

ಪತ್ರಿಕೆಗಳಲ್ಲಿ ಇಂಥ ಸಾವುಗಳನ್ನು "ಉಸಿರುಗಟ್ಟಿ ಸಾವು" ಎಂದು ಬರೆಯುವುದುಂಟು. ಕೋಣೆಯ ಆಮ್ಲಜನಕ ಖಾಲಿಯಾಗಿ ಸಾವು ಬಂತು ಎಂಬ ಕಲ್ಪನೆ ಇದರಿಂದ ಹುಟ್ಟುತ್ತದೆ. ನಿಜದಲ್ಲಿ ಕೋಣೆಯಲ್ಲಿ ಇನ್ನೂ ಬೇಕಾದಷ್ಟು ಆಮ್ಲಜನಕ ಇರಬಹುದು, ದೀಪವೂ ಚೆನ್ನಾಗಿಯೇ ಉರಿಯುತ್ತಿರಬಹುದು. ಕೊರತೆ ಬಿದ್ದಿರುವುದು ರಕ್ತದ ಸೀಟಿಗೆ.

ಒಂದು ಟೀ ಚಮಚದ ಲೆಕ್ಕ

ವ್ಯಾನಿನೊಳಗೆ ಶೇಕಡ 0.1ರಷ್ಟು ಅನಿಲ ತುಂಬಲು ಎಷ್ಟು ಇದ್ದಿಲು ಬೇಕು? ಮಲಗುವ ಭಾಗ 3 ಮೀಟರ್ ಉದ್ದ, 1.7 ಮೀಟರ್ ಅಗಲ, 1.7 ಮೀಟರ್ ಎತ್ತರ ಇದೆ ಎಂದುಕೊಂಡರೆ, ಒಳಗಿನ ಗಾಳಿ ಸುಮಾರು 8,700 ಲೀಟರ್. ಅದರ ಸಾವಿರದಲ್ಲಿ ಒಂದು ಪಾಲು 8.7 ಲೀಟರ್. ಇಷ್ಟು ಕಾರ್ಬನ್ ಮೊನಾಕ್ಸೈಡಿನ ತೂಕ ಸುಮಾರು 10 ಗ್ರಾಂ. ಅದರಲ್ಲಿರುವ ಇಂಗಾಲ 5 ಗ್ರಾಂಗಿಂತಲೂ ಕಡಿಮೆ, ಹೆಚ್ಚುಕಡಿಮೆ ಒಂದು ಟೀ ಚಮಚ ಸಕ್ಕರೆಯ ತೂಕ.

ಬಾಣಲೆಯಲ್ಲಿ ನಾವು ಇಟ್ಟುಕೊಂಡಿದ್ದ ಕೆಂಡ ಅರ್ಧ ಕಿಲೋಗೆ ಕಡಿಮೆ ಇರಲಿಲ್ಲ. ಅದರಲ್ಲಿ ಎಲ್ಲವೂ ಕಾರ್ಬನ್ ಮೊನಾಕ್ಸೈಡ್ ಆಗುವುದಿಲ್ಲ ನಿಜ, ಸಂದಿಗಳಿಂದ ಒಂದಿಷ್ಟು ಹೊರಗೂ ಹೋಗುತ್ತದೆ. ಆದರೂ ಇಂಥ ಲೆಕ್ಕದಲ್ಲಿ ನಮಗೆ ಉಳಿದಿದ್ದ ಅಂತರ ಎಷ್ಟು ಸಣ್ಣದು ಎನ್ನುವುದನ್ನು ಗಮನಿಸಿ.

ಕೆಲವು ನಂಬಿಕೆಗಳು, ನಿಜಾಂಶ

"ಕಿಟಕಿ ಒಂದಿಂಚು ತೆರೆದಿಟ್ಟರೆ ಸಾಕು." ಇದನ್ನು ನಂಬುವಂತಿಲ್ಲ. ಒಂದಿಂಚಿನ ಸಂದಿಯಲ್ಲಿ ಎಷ್ಟು ಗಾಳಿ ಓಡಾಡುತ್ತದೆ ಎನ್ನುವುದು ಹೊರಗೆ ಬೀಸುವ ಗಾಳಿಯನ್ನು ಅವಲಂಬಿಸಿದೆ. ಮಲೆನಾಡಿನ ಮಂಜಿನ ರಾತ್ರಿಗಳಲ್ಲಿ ಎಲೆಯೂ ಅಲುಗುವುದಿಲ್ಲ. ಕಿಟಕಿ ತೆರೆದಿಡುವುದು ಉಸಿರಾಟದ ತೇವಾಂಶ ಹೊರಹೋಗಲು ಒಳ್ಳೆಯದು, ಒಳಗೆ ಕೆಂಡ ಇಟ್ಟುಕೊಳ್ಳಲು ಅದು ಪರವಾನಗಿಯಲ್ಲ.

"ಒಂದು ಬಕೆಟ್ ನೀರಿಟ್ಟರೆ ವಿಷಾನಿಲವನ್ನು ಹೀರಿಕೊಳ್ಳುತ್ತದೆ." ಇಲ್ಲ. ಕಾರ್ಬನ್ ಮೊನಾಕ್ಸೈಡ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ.

"ಅನಿಲ ಸೋರಿದರೆ ವಾಸನೆ ಬರುತ್ತದೆ." ಅಡುಗೆ ಅನಿಲಕ್ಕೆ ವಾಸನೆ ಇರುವುದು ಸೋರಿಕೆ ಗೊತ್ತಾಗಲೆಂದು ಬೇರೆ ರಾಸಾಯನಿಕವನ್ನು ಬೇಕೆಂದೇ ಸೇರಿಸುವುದರಿಂದ. ಬೆಂಕಿಯಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಯಾರೂ ವಾಸನೆ ಸೇರಿಸುವುದಿಲ್ಲ.

"ತೊಂದರೆಯಾದರೆ ಎಚ್ಚರವಾಗುತ್ತದೆ." ನಿದ್ದೆಯಲ್ಲಿರುವವರಿಗೆ ತಲೆನೋವು, ವಾಕರಿಕೆ ಗೊತ್ತಾಗುವ ಮೊದಲೇ ಪ್ರಜ್ಞೆ ತಪ್ಪಬಹುದು. ಎಚ್ಚರವಿದ್ದವರಿಗೂ ಗೊಂದಲ, ಕೈಕಾಲಿನ ನಿಶ್ಶಕ್ತಿ ಶುರುವಾಗಿ ಬಾಗಿಲವರೆಗೆ ಹೋಗಲೂ ಆಗದಿರಬಹುದು.

"ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡಿದರಾಯಿತು." ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಅನೇಕರ ಮನೆಯಲ್ಲಿದೆ. ಆದರೆ ಸಾಮಾನ್ಯ ಆಕ್ಸಿಮೀಟರ್‌ಗೆ ಸೀಟಿನಲ್ಲಿ ಕೂತಿರುವುದು ಆಮ್ಲಜನಕವೋ ಕಾರ್ಬನ್ ಮೊನಾಕ್ಸೈಡೋ ಎನ್ನುವ ವ್ಯತ್ಯಾಸ ತಿಳಿಯುವುದಿಲ್ಲ. ಅಪಾಯದಲ್ಲಿರುವವರಿಗೂ ಅದು 97, 98 ಎಂದು ತೋರಿಸಿಬಿಡಬಹುದು.

ಇದನ್ನು ಪತ್ತೆಹಚ್ಚುವುದು ಹಿಂದೆ ಇನ್ನೂ ಕಷ್ಟವಾಗಿತ್ತು. ಬ್ರಿಟಿಷ್ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ 1890ರ ದಶಕದಲ್ಲಿ ತಾವೇ ಈ ಅನಿಲವನ್ನು ಉಸಿರಾಡಿ ಅದರ ಪರಿಣಾಮಗಳನ್ನು ದಾಖಲಿಸಿದರು. ಕಲ್ಲಿದ್ದಲು ಗಣಿಗಳಿಗೆ ಕ್ಯಾನರಿ ಹಕ್ಕಿಗಳನ್ನು ಒಯ್ಯುವ ಸಲಹೆ ಅವರದೇ. ಮನುಷ್ಯರಿಗಿಂತ ಬೇಗ ಹಕ್ಕಿ ಕುಸಿದು ಬೀಳುತ್ತಿತ್ತು, ಗಣಿಗಾರರು ಹೊರಗೆ ಓಡುತ್ತಿದ್ದರು. ಬ್ರಿಟನ್ನಿನ ಗಣಿಗಳಲ್ಲಿ ಈ ಪದ್ಧತಿ 1986ರವರೆಗೂ ಇತ್ತು. ಇವತ್ತು ಆ ಕೆಲಸವನ್ನು ಬ್ಯಾಟರಿಯ ಒಂದು ಪುಟ್ಟ ಅಲಾರಂ ಮಾಡುತ್ತದೆ.

ಅಜ್ಜಿ ಮನೆಯಲ್ಲಿ ಏನೂ ಆಗಲಿಲ್ಲವಲ್ಲ?

ಈ ಪ್ರಶ್ನೆ ನ್ಯಾಯವಾದದ್ದೇ. ಮಲೆನಾಡಿನಲ್ಲಿ ತಲೆಮಾರುಗಳಿಂದ ಅಗ್ಗಿಷ್ಟಿಕೆ ಬಳಸಿದ್ದಾರೆ, ಬಾಣಂತಿ ಕೋಣೆಯಲ್ಲಿ ಕೆಂಡ ಇಟ್ಟಿದ್ದಾರೆ. ಆದರೆ ಆ ಮನೆಗಳು ಹೇಗಿದ್ದವು ಎನ್ನುವುದನ್ನು ನೆನಪಿಸಿಕೊಳ್ಳಿ. ಹಂಚಿನ ಮಾಡು, ಹಂಚುಗಳ ನಡುವೆ ಸಂದಿ, ಗೋಡೆಗೂ ಮಾಡಿಗೂ ನಡುವೆ ಗಾಳಿಯಾಡುವ ಜಾಗ, ಸರಿಯಾಗಿ ಕೂಡದ ಮರದ ಬಾಗಿಲು. ಬಿಸಿಗಾಳಿ ಮೇಲೇರಿ ಹಂಚಿನ ಸಂದಿಯಿಂದ ಹೊರಹೋಗುತ್ತಿತ್ತು. ಆ ಮನೆ ತಾನೇ ಉಸಿರಾಡುತ್ತಿತ್ತು. ಆಗಲೂ ಅಪಾಯ ಪೂರ್ತಿ ಇರಲಿಲ್ಲ ಎಂದಲ್ಲ. ಅಂದು "ರಾತ್ರಿ ಮಲಗಿದವರು ಏಳಲಿಲ್ಲ" ಎಂದಷ್ಟೇ ಹೇಳಿ ಮುಗಿಸಿದ ಸಾವುಗಳಿಗೆ ಕಾರಣ ಹುಡುಕಿದವರು ಯಾರು?

ಕ್ಯಾಂಪರ್ ವ್ಯಾನ್ ಅದಕ್ಕೆ ತದ್ವಿರುದ್ಧ. ತಗಡಿನ ಮೈ, ಬಾಗಿಲಿಗೆ ರಬ್ಬರ್ ಪಟ್ಟಿ, ಮಳೆನೀರು ಬರದಂತೆ ಬಿಗಿ ಮಾಡಿದ ಕಿಟಕಿ. ಆರ್‌ಸಿಸಿ ಮಾಡು, ಅಲ್ಯೂಮಿನಿಯಂ ಕಿಟಕಿಯ ಇಂದಿನ ಅಪಾರ್ಟ್‌ಮೆಂಟ್ ಕೋಣೆಯೂ ಬಹುಮಟ್ಟಿಗೆ ಹಾಗೆಯೇ. ಅಜ್ಜಿಯ ಅಗ್ಗಿಷ್ಟಿಕೆಯನ್ನು ಅಜ್ಜಿಯ ಮನೆಯಿಂದ ಬೇರ್ಪಡಿಸಿ ಇಲ್ಲಿಗೆ ತಂದರೆ ಅದು ಬೇರೆಯೇ ವಸ್ತುವಾಗುತ್ತದೆ. ಬಾಣಂತಿ ಕೋಣೆಯ ವಿಷಯದಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಶಿಶುಗಳು ಮತ್ತು ಗರ್ಭಿಣಿಯರು ಈ ಅನಿಲಕ್ಕೆ ಹೆಚ್ಚು ಸುಲಭವಾಗಿ ತುತ್ತಾಗುತ್ತಾರೆ. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿಸಿಕೊಂಡು ಸ್ನಾನ ಮಾಡುವುದೂ ಇದೇ ಕಾರಣಕ್ಕೆ ಅಪಾಯ.

ಎಂಜಿನ್ ಚಾಲೂ ಇಟ್ಟು ಮಲಗಬಹುದೇ?

ಇದ್ದಿಲು ಬೇಡ, ಎಂಜಿನ್ ಚಾಲೂ ಇಟ್ಟು ಹೀಟರ್ ಹಾಕಿಕೊಳ್ಳೋಣ ಎಂದು ಕೆಲವರು ಯೋಚಿಸುತ್ತಾರೆ. ಓಡುವ ಗಾಡಿಯ ಹೊಗೆ ಹಿಂದೆ ಉಳಿಯುತ್ತದೆ. ನಿಂತ ಗಾಡಿಯ ಹೊಗೆ ಅದರ ಸುತ್ತಲೇ ಸೇರುತ್ತದೆ. ಸೈಲೆನ್ಸರ್ ಪೈಪಿನಲ್ಲಿ ತೂತಿದ್ದರೆ, ತೋಟದ ಇಳಿಜಾರಿನಲ್ಲಿ ಗಾಡಿಯ ಹಿಂಭಾಗ ಮಣ್ಣಿಗೋ ಪೊದೆಗೋ ತಾಗಿ ನಿಂತಿದ್ದರೆ, ನೆಲಹಾಸಿನಲ್ಲಿ ವೈರ್ ಹಾಯಿಸಲು ಕೊರೆದ ರಂಧ್ರ ಮುಚ್ಚದೆ ಬಿಟ್ಟಿದ್ದರೆ ಹೊಗೆ ಒಳಗೆ ಬರುತ್ತದೆ. ಜನರೇಟರ್ ವಿಷಯದಲ್ಲೂ ಅಷ್ಟೇ. ನಿದ್ದೆ ಮಾಡುವಾಗ ಇವೆರಡೂ ಬಂದ್ ಆಗಿರಬೇಕು.

ಆನೆಗೆ ಹೆದರಿ ಕೆಂಡವನ್ನು ನಂಬಿದೆವು

ಅಂದು ನಾವು ಕಿಟಕಿ ಮುಚ್ಚಿದ್ದು ಆನೆಗೆ ಹೆದರಿ. ಆ ಭಯ ಸುಳ್ಳಲ್ಲ. ಆಲೂರು–ಸಕಲೇಶಪುರದ ತೋಟಗಳಲ್ಲಿ ಮನುಷ್ಯ ಮತ್ತು ಆನೆಗಳ ಸಂಘರ್ಷ ವರ್ಷಗಳಿಂದ ನಡೆದಿದೆ. ಎಂಟು ಬಾರಿ ಮೈಸೂರು ದಸರಾದ ಚಿನ್ನದ ಅಂಬಾರಿ ಹೊತ್ತ ಅರ್ಜುನ ಸತ್ತದ್ದು ಇದೇ ಸಕಲೇಶಪುರ ತಾಲ್ಲೂಕಿನ ಯಸಳೂರು ಭಾಗದಲ್ಲಿ, 2023ರ ಡಿಸೆಂಬರ್ 4ರಂದು, ಕಾಡಾನೆ ಕಾರ್ಯಾಚರಣೆಯ ನಡುವೆ. ಇಲ್ಲಿನ ಕೂಲಿ ಕಾರ್ಮಿಕರಿಗೆ, ಬೆಳೆಗಾರರಿಗೆ ಆನೆ ದಿನನಿತ್ಯದ ಆತಂಕ. ರಾತ್ರಿ ಇಳಿಯಬೇಡಿ ಎಂದರೆ ಇಳಿಯಬಾರದು.

ನಮ್ಮ ತಪ್ಪು ಆನೆಗೆ ಹೆದರಿದ್ದಲ್ಲ, ಕೆಂಡಕ್ಕೆ ಹೆದರದೇ ಇದ್ದದ್ದು. ಆನೆಗೆ ಹೆಜ್ಜೆ ಸದ್ದಿದೆ, ಘೀಳಿದೆ, ಮೊಬೈಲಿಗೆ ಬರುವ ಎಚ್ಚರಿಕೆಯಿದೆ. ಕಾಣುವ ಅಪಾಯದಿಂದ ತಪ್ಪಿಸಿಕೊಳ್ಳಲು ಬಾಗಿಲು ಹಾಕಿಕೊಳ್ಳುವ ಆ ಕ್ಷಣದಲ್ಲೇ ಕಾಣದ ಅಪಾಯವನ್ನು ಒಳಗೆ ಕೂಡಿಹಾಕಿಕೊಳ್ಳುತ್ತೇವೆ. ಸೊಳ್ಳೆಗೆ, ಚಳಿಗೆ, ಕಳ್ಳರಿಗೆ ಹೆದರಿ ಕಿಟಕಿ ಮುಚ್ಚುವ ಮನೆಗಳಲ್ಲೂ ಇದೇ ಆಗುತ್ತದೆ.

ಹಾಗಾದರೆ ಚಳಿಗೆ ಏನು ಮಾಡುವುದು?

ಗಾಡಿಯನ್ನು ಬಿಸಿ ಮಾಡುವ ಬದಲು ಮೈಯನ್ನು ಬಿಸಿಯಾಗಿಟ್ಟುಕೊಳ್ಳಿ. ತಲೆಗೆ ಟೋಪಿ, ಒಣಗಿದ ಕಾಲುಚೀಲ, ಒಂದು ದಪ್ಪ ಸ್ವೆಟರ್ ಬದಲು ಎರಡು ಮೂರು ಪದರ ಬಟ್ಟೆ. ಚಳಿ ಕೆಳಗಿನಿಂದಲೂ ಬರುವುದರಿಂದ ಹಾಸಿಗೆಯ ಕೆಳಗೆ ಇನ್ನೊಂದು ಕಂಬಳಿ ಹಾಸಿ. ಬಿಸಿನೀರಿನ ರಬ್ಬರ್ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಕಾಲ ಬಳಿ ಇಟ್ಟುಕೊಂಡರೆ ಗಂಟೆಗಟ್ಟಲೆ ಹಿತವಾಗಿರುತ್ತದೆ. ಅಂದು ರೈಟರ್ ತಂದ ಫ್ಲಾಸ್ಕಿನ ನೀರು ನಮಗೆ ಕೊನೆಗೆ ಉಪಯೋಗಕ್ಕೆ ಬಂದದ್ದು ಹೀಗೆಯೇ.

ಅಡುಗೆಯನ್ನು ಹೊರಗೇ ಮಾಡಿ. ಮಳೆಯಿಂದಾಗಿ ಒಳಗೆ ಮಾಡಲೇಬೇಕಾದರೆ ಬಾಗಿಲು ಪೂರ್ತಿ ತೆರೆದಿಟ್ಟು ಬೇಗ ಮುಗಿಸಿ, ಮಲಗುವ ಮುನ್ನ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಸೇರುತ್ತದೆ. ಹೊರಗೆ ಹಾಕಿದ ಬೆಂಕಿಯ ಕೆಂಡಕ್ಕೆ ನೀರು ಸುರಿದು ಪೂರ್ತಿ ಆರಿಸಿಯೇ ಮಲಗಿ. ಅರಣ್ಯದ ಅಂಚಿನಲ್ಲಿ ಬೆಂಕಿಯನ್ನೇ ಹಾಕಬೇಡಿ.

ವ್ಯಾನ್ ಬಾಡಿಗೆಗೆ ಪಡೆಯುವಾಗ "ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದೆಯಾ?" ಎಂದು ಕೇಳಿ. ಹೊಗೆ ಪತ್ತೆಹಚ್ಚುವ ಅಲಾರಂ ಬೇರೆ, ಇದು ಬೇರೆ. ಇಲ್ಲದಿದ್ದರೆ ನೀವೇ ಒಂದನ್ನು ಕೊಂಡು ಒಯ್ಯಿರಿ. ನಾವು ಹಾಸಿಗೆ ಮೆತ್ತಗಿದೆಯೇ, ಚಾರ್ಜಿಂಗ್ ಪಾಯಿಂಟ್ ಎಷ್ಟಿವೆ ಎಂದೆಲ್ಲ ಕೇಳಿದ್ದೆವು, ಇದೊಂದನ್ನು ಕೇಳಿರಲಿಲ್ಲ.

ಅನುಮಾನ ಬಂದರೆ

ಒಂದೇ ಜಾಗದಲ್ಲಿರುವ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಮೊದಲು ಇದನ್ನೇ ಅನುಮಾನಿಸಿ. ಊಟ ಸೇರಲಿಲ್ಲ, ಘಾಟಿಯ ತಿರುವು ಆಗಲಿಲ್ಲ ಎಂದು ಸುಮ್ಮನಾಗಬೇಡಿ. ತಕ್ಷಣ ಎಲ್ಲರೂ ತೆರೆದ ಗಾಳಿಗೆ ಬನ್ನಿ. ಒಳಗೆ ಯಾರಾದರೂ ಪ್ರಜ್ಞೆ ತಪ್ಪಿದ್ದರೆ ಬಾಗಿಲು, ಕಿಟಕಿಗಳನ್ನು ತೆರೆದು ಅವರನ್ನು ಹೊರಗೆ ತನ್ನಿ, ನೀವು ಒಳಗೆ ನಿಲ್ಲಬೇಡಿ. 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ವೈದ್ಯರಿಗೆ "ಮುಚ್ಚಿದ ಜಾಗದಲ್ಲಿ ಕೆಂಡ ಇತ್ತು" ಎಂದು ಸ್ಪಷ್ಟವಾಗಿ ಹೇಳಿ, ಇಲ್ಲದಿದ್ದರೆ ಲಕ್ಷಣ ನೋಡಿ ಬೇರೆ ಕಾಯಿಲೆ ಎಂದುಕೊಳ್ಳುವ ಸಾಧ್ಯತೆ ಇದೆ.

ಹೊರಗೆ ಬಂದ ಕೂಡಲೇ ಎಲ್ಲ ಸರಿಹೋಯಿತು ಎಂದೂ ಅಲ್ಲ. ಸಾಮಾನ್ಯ ಗಾಳಿಯಲ್ಲಿ ರಕ್ತದ ಕಾರ್ಬನ್ ಮೊನಾಕ್ಸೈಡ್ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಆಸ್ಪತ್ರೆಯಲ್ಲಿ ಮಾಸ್ಕ್ ಮೂಲಕ ಶುದ್ಧ ಆಮ್ಲಜನಕ ಕೊಟ್ಟರೆ ಅದು ಒಂದು, ಒಂದೂವರೆ ಗಂಟೆಗೆ ಇಳಿಯುತ್ತದೆ. ಆ ರಾತ್ರಿ ನಾವು ಹೋಮ್‌ಸ್ಟೇಯ ಜಗಲಿಯಲ್ಲಿ ಕಂಬಳಿ ಹೊದ್ದು ಕೂತು, ತಲೆನೋವು ಇಳಿಯುವುದನ್ನು ಕಾಯುತ್ತಾ ಬೆಳಗು ಮಾಡಿದೆವು. ಆಸ್ಪತ್ರೆಗೆ ಹೋಗಬೇಕಿತ್ತು, ಹೋಗಲಿಲ್ಲ. ಅದು ನಮ್ಮ ಎರಡನೆಯ ತಪ್ಪು.

ಮರುದಿನ ಬಿಸಿಲೆ ಘಾಟಿಯ ಕಡೆ ಹೊರಡುವ ಮುನ್ನ ರೈಟರ್‌ಗೆ ಧನ್ಯವಾದ ಹೇಳಲು ಹೋದೆವು. "ಅದಕ್ಕೇನ್ ಸಾರ್, ಗೊತ್ತಿದ್ದೋರು ಹೇಳ್ಬೇಕು" ಎಂದು ಅವರು ಕೆಲಸಕ್ಕೆ ಹೊರಟುಬಿಟ್ಟರು. ನಿಮ್ಮ ಮನೆಯಲ್ಲಿ ಈ ಚಳಿಗೆ ಬಾಣಂತಿ ಕೋಣೆ ಸಜ್ಜಾಗುತ್ತಿದ್ದರೆ, ಗೆಳೆಯರು ಟೆಂಟು, ವ್ಯಾನು ಎಂದು ಹೊರಟಿದ್ದರೆ, ನೀವೂ ಅವರಿಗೆ ಇಷ್ಟು ಹೇಳಿ: ಮಲಗುವ ಜಾಗದೊಳಗೆ ಕೆಂಡ ಬೇಡ.